ಮಹಾವೀರಾಚಾರ್ಯ

ಧಾರವಾಡ ಜಿಲ್ಲೆಯ ಶಲವಡಿಯ ರೈತನು ತನ್ನ ಹೊಲವನ್ನು ಎರಡೂವರೆ ಎಕರೆ ಎಂದೋ ಒಂದೂಮುಕ್ಕಾಲು ಎಕರೆ ಎಂದೋ ಹೇಳುತ್ತಾನೆ. ಪೂರ್ಣಾಂಕಕ್ಕೆ ಭಿನ್ನರಾಶಿಯನ್ನು ಹೀಗೆ ಕೂಡಿಸಿ ನುಡಿಯುವುದು ಕನ್ನಡಿಗರಿಗೆ ಸಹಜವಾದುದು. ನುಡಿಯುವುದು ಸುಲಭ, ಪಾಲು ಹಂಚುವಾಗ ಲೆಕ್ಕ ತಪ್ಪಿದರೆ ಒಬ್ಬನ ನೆಲ ಮತ್ತೊಬ್ಬನದಾಗುತ್ತದೆ. ಈ ನಾಡು ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದ ಒಂಬತ್ತನೆಯ ಶತಮಾನದಲ್ಲಿ ಇಂತಹ ಲೆಕ್ಕಗಳ ಕ್ರಮವನ್ನು ವಿಶದವಾಗಿ ನಿರೂಪಿಸಿದವರು ಮಹಾವೀರಾಚಾರ್ಯರು.

ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅವರು ಬಾಳಿದರು. ಜೈನಮತಾವಲಂಬಿಗಳಾದ ಅವರು ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದರ ಆರಂಭದಲ್ಲಿ ಅರಸನನ್ನು ಮನಸಾರೆ ಹೊಗಳಿದ ಆಚಾರ್ಯರು ತಮ್ಮ ವಿಷಯದಲ್ಲಿ ಮೌನವಾಗಿದ್ದಾರೆ. ಅಡುಗೆ, ಸಂಗೀತ, ವೈದ್ಯ, ವಾಸ್ತು ಮುಂತಾದ ಎಲ್ಲ ವಿದ್ಯೆಗಳಿಗೂ ಗಣಿತವು ಬೇಕೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಭಿನ್ನರಾಶಿಗಳಿಗೆ ಅವರು 'ಕಲಾಸವರ್ಣ'ವೆಂಬ ಒಂದು ಪ್ರಕರಣವನ್ನೇ ಮೀಸಲಿಟ್ಟರು. ಮಿಶ್ರ ಭಿನ್ನರಾಶಿಗೆ ಅಲ್ಲಿ 'ಭಾಗಾನುಬಂಧ'ವೆಂದು ಹೆಸರು. ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸಬೇಕು; ಆಗ ಎರಡೂವರೆಯು 5/2 ಆಗುತ್ತದೆ, ಒಂದೂಮುಕ್ಕಾಲು 7/4 ಆಗುತ್ತದೆ. ಇವನ್ನು ಕೂಡಿಸಲು ಛೇದಗಳನ್ನು ಗುಣಿಸಿ 8ನ್ನು ಪಡೆಯಬೇಕಾಗಿಲ್ಲ. ಎರಡೂ ಛೇದಗಳಿಂದ ಭಾಗವಾಗುವ ಕನಿಷ್ಠ ಸಂಖ್ಯೆ 4 ಸಾಕು. ಈ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಆಚಾರ್ಯರು 'ನಿರುದ್ಧ'ವೆಂದು ಕರೆದರು. 10/4 ಮತ್ತು 7/4 ಸೇರಿ 17/4, ಅಂದರೆ ನಾಲ್ಕೂಕಾಲು. ಭಾಗಾಕಾರದಲ್ಲಿ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವ ಕ್ರಮವನ್ನೂ ಅವರು ಹೇಳಿದ್ದಾರೆ.

ಶುಷ್ಕವೆನಿಸುವ ಈ ವಿಷಯಕ್ಕೆ ಅವರು ರಸವನ್ನು ತುಂಬಿದ ಬಗೆ ಸೊಗಸಾದುದು. ಒಂದು ಲೆಕ್ಕದಲ್ಲಿ ಮುತ್ತಿನ ಹಾರವೊಂದು ಹರಿಯುತ್ತದೆ. ಮುತ್ತುಗಳಲ್ಲಿ ಮೂರನೆಯ ಒಂದು ಭಾಗ ದಾಸಿಯ ಬಳಿಗೂ ಆರನೆಯ ಒಂದು ಭಾಗ ಹಾಸಿಗೆಯ ಮೇಲೂ ಬೀಳುತ್ತವೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚದುರಿ, ಕೊನೆಗೆ 1,161 ಮುತ್ತುಗಳು ಉಳಿಯುತ್ತವೆ. ಹಾರದಲ್ಲಿದ್ದ ಮುತ್ತುಗಳು 1,48,608! ಇಷ್ಟು ಭಾರದ ಹಾರವನ್ನು ಯಾವ ಕೊರಳು ಹೊತ್ತೀತೆಂದು ಕೇಳಬಾರದು, ಲೆಕ್ಕವಂತೂ ಸರಿಯಾಗಿದೆ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಆಚಾರ್ಯರು ಸ್ಪಷ್ಟವಾಗಿ ಸಾರಿದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂಬ ಅವರ ಮಾತನ್ನು ಗಣಿತವು ಒಪ್ಪುವುದಿಲ್ಲ.

ಅವರ ಗ್ರಂಥವು ದಕ್ಷಿಣ ಭಾರತದಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಆಗ ಹೊರದೇಶಗಳ ವಿದ್ವಾಂಸರ ಕೈಗೂ ಅದು ಸೇರಿತು.