ತನ್ನ ಪಾತ್ರೆ ತಾನೇ ತೊಳೆದ ಗಾಂಧೀಜಿ: ಪ್ರವಾಸದ ಕಕ್ಕಸು ಆರಿಸುವ ಮುನ್ನ



ಹಿರಿಯರ ಜೀವನ ಪರಿಚಯದಲ್ಲಿ ಈ ಸಲ ಮಹಾತ್ಮ ಗಾಂಧೀಜಿಯವರನ್ನು ನೆನೆಯುತ್ತಿದ್ದೇವೆ. ಅವರ ಬದುಕೆಲ್ಲವನ್ನೂ ಹೇಳಲು ಹೊರಟಿಲ್ಲ. ಒಂದೇ ಎಳೆ ಹಿಡಿದುಕೊಂಡಿದ್ದೇವೆ. ಊರೂರು ತಿರುಗಿದ ಆ ಮನುಷ್ಯ ಪ್ರಯಾಣದಲ್ಲೂ ಬಿಡಾರದಲ್ಲೂ ಕಕ್ಕಸಿನ ವಿಚಾರವನ್ನು ಹೇಗೆ ನೋಡಿಕೊಂಡರು ಎಂಬುದೇ ಆ ಎಳೆ. ವಿಷಯ ಮುಜುಗರದ್ದು ಎಂದು ಯಾರೂ ಪುಟ ಮುಚ್ಚಬಾರದಾಗಿ ವಿನಂತಿ.

ಇದಕ್ಕೆ ಕಾರಣವೂ ಇದೆ. ಡಿಸೆಂಬರ್ ತಿಂಗಳ ಬೆಳಗಾವಿ ಪ್ರವಾಸಕ್ಕೆ ಮಲಗುವ ಸೌಕರ್ಯವಿರುವ ವ್ಯಾನ್ ಗೊತ್ತುಮಾಡುವುದೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿದೆ. ಅದರೊಳಗೆ ಇಡಲು ಚಿಕ್ಕ ಕಕ್ಕಸು ಪೆಟ್ಟಿಗೆ ಬೇಕು. ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಪ್ರತಿ ಪ್ರವಾಸದಲ್ಲೂ ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯದೆ ಕೂರುವುದನ್ನು, ಸಕ್ಕರೆ ಕಾಯಿಲೆಯ ಹಿರಿಯರು ನನ್ನನ್ನು ಬಿಟ್ಟುಬಿಡಿ ಎನ್ನುವುದನ್ನು ನೋಡಿದ್ದೇವೆ. ಯಾವ ಪೆಟ್ಟಿಗೆ, ಎಷ್ಟು ದೊಡ್ಡದು ಎಂದು ಸದಸ್ಯರು ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಗಾಂಧೀಜಿಯವರ ಬದುಕಿನಲ್ಲೇ ಬಹುಪಾಲು ಸಿಗುತ್ತದೆ.

ರಾಜಕೋಟೆಯ ಎರಡು ಬಕೆಟ್ಟು

ಮೋಹನದಾಸರು 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ವಕೀಲಿ ಓದಿ, 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. 1896ರಲ್ಲಿ ಊರಿಗೆ ಬಂದಿದ್ದಾಗ ಮುಂಬಯಿಯಲ್ಲಿ ಪ್ಲೇಗು ಹಬ್ಬಿತು. ಅದು ರಾಜಕೋಟೆಗೂ ಬಂದೀತೆಂಬ ಭಯದಿಂದ ಸಂಸ್ಥಾನದವರು ಒಂದು ಸಮಿತಿ ಮಾಡಿದರು. ಗಾಂಧಿ ತಾವಾಗಿ ಅದನ್ನು ಸೇರಿ ಮನೆಮನೆಯ ಕಕ್ಕಸು ನೋಡುವ ಕೆಲಸ ಹಿಡಿದರು.

ಬಡವರು ಒಳಗೆ ಬಿಟ್ಟರು, ಹೇಳಿದ್ದನ್ನು ಮಾಡಿದರು. ದೊಡ್ಡ ಮನೆಗಳವರಲ್ಲಿ ಕೆಲವರು ಬಾಗಿಲಲ್ಲೇ ತಡೆದರು. ಆ ಮನೆಗಳ ಕಕ್ಕಸುಗಳೇ ಹೆಚ್ಚು ಕತ್ತಲು, ಹೆಚ್ಚು ಗಬ್ಬು. ಅಸ್ಪೃಶ್ಯರೆನಿಸಿಕೊಂಡವರ ಕೇರಿಗೆ ಸಮಿತಿಯವರಲ್ಲಿ ಒಬ್ಬರು ಮಾತ್ರ ಜೊತೆಗೆ ಬಂದರು. ಅಲ್ಲಿ ನೋಡಿದರೆ ಮನೆಗಳು ಸಾರಿಸಿ ಗುಡಿಸಿ ಒಪ್ಪವಾಗಿದ್ದವು.

ಅವರು ಕೊಟ್ಟ ಸಲಹೆ ಸರಳ. ಮಲ ನೆಲಕ್ಕೆ ಬೀಳದೆ ಬಕೆಟ್ಟಿಗೆ ಬೀಳಲಿ. ಮೂತ್ರವೂ ನೆಲಕ್ಕೆ ಇಂಗದೆ ಬಕೆಟ್ಟಿನಲ್ಲಿ ಸೇರಲಿ. ಗಾಳಿ ಬೆಳಕು ಬರುವಂತೆ, ತೆಗೆಯುವವರಿಗೆ ತೊಂದರೆಯಾಗದಂತೆ ಅಡ್ಡಗೋಡೆ ತೆಗೆಯಿರಿ. ಇವತ್ತು ವ್ಯಾನುಗಳಿಗೆಂದು ಮಾರುವ ಪೆಟ್ಟಿಗೆಗಳಲ್ಲಿ ಒಂದು ಬಗೆ ಮೂತ್ರವನ್ನೂ ಮಲವನ್ನೂ ಬೇರೆ ಬೇರೆ ಡಬ್ಬಕ್ಕೆ ಇಳಿಸುತ್ತದೆ. ಎರಡೂ ಬೆರೆತಾಗಲೇ ನಾತ ಹೆಚ್ಚುವುದು ಎಂಬುದು ಅದರ ಲೆಕ್ಕ.

ಡರ್ಬನ್ನಿನ ಮನೆ

1898ರ ಹೊತ್ತಿಗೆ ಡರ್ಬನ್ನಿನಲ್ಲಿ ಗಾಂಧಿಯವರದು ಪಾಶ್ಚಾತ್ಯ ಮಾದರಿಯ ಮನೆ. ಕೋಣೆಗಳಲ್ಲಿ ಕೊಳೆನೀರು ಹೋಗಲು ಮೋರಿ ಇರಲಿಲ್ಲ. ಒಂದೊಂದು ಕೋಣೆಗೂ ಒಂದು ಮೂತ್ರದ ಪಾತ್ರೆ. ಕಚೇರಿಯ ಗುಮಾಸ್ತರೂ ಮನೆಯಲ್ಲೇ ಇರುತ್ತಿದ್ದರು. ಹಳಬರು ತಮ್ಮ ಪಾತ್ರೆ ತಾವೇ ತೊಳೆಯುತ್ತಿದ್ದರು. ಹೊಸದಾಗಿ ಬಂದ ಗುಮಾಸ್ತ ಪಂಚಮರ ಮನೆಯಲ್ಲಿ ಹುಟ್ಟಿದ ಕ್ರೈಸ್ತ. ಅವನ ಪಾತ್ರೆಯನ್ನು ದಂಪತಿಗಳಲ್ಲಿ ಒಬ್ಬರು ಎತ್ತಬೇಕಾಯಿತು. ಕಸ್ತೂರಬಾ ಕಣ್ಣೀರಿಡುತ್ತಾ ಎತ್ತಿದರು. ಗಂಡನಿಗೆ ಅಷ್ಟು ಸಾಲದು, ನಗುನಗುತ್ತಾ ಎತ್ತಬೇಕೆಂಬ ಹಟ. ಜಗಳ ಬೆಳೆದು ಅವರು ಹೆಂಡತಿಯ ಕೈಹಿಡಿದು ಗೇಟಿನ ತನಕ ಎಳೆದೊಯ್ದರು. ಪರದೇಶದಲ್ಲಿ ಎಲ್ಲಿಗೆ ಹೋಗಲಿ ಎಂದು ಆಕೆ ಕೇಳಿದಾಗ ನಾಚಿಕೆಯಾಗಿ ಗೇಟು ಮುಚ್ಚಿದರು. ಈ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದುಕೊಂಡಿದ್ದಾರೆ.

ಇಲ್ಲಿ ಕಸ್ತೂರಬಾ ಪಟ್ಟ ನೋವನ್ನು ನಾವು ಮರೆಯಬಾರದು. ನಿಯಮ ಮಾಡಿದವರು ಗಂಡಸರು, ಪಾತ್ರೆ ಬಂದದ್ದು ಹೆಂಗಸಿನ ಕೈಗೆ. ನಮ್ಮ ಮನೆಗಳಲ್ಲೂ ಹಾಸಿಗೆ ಹಿಡಿದವರ ಪಾತ್ರೆ ಎತ್ತುವವರು ಹೆಚ್ಚಾಗಿ ಸೊಸೆಯೋ ಮಗಳೋ ಅಲ್ಲವೇ?

ಪೊರಕೆ ಮತ್ತು ಗುದ್ದಲಿ

1901ರ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನ. ಇದ್ದ ಕಕ್ಕಸುಗಳೇ ಕೆಲವು, ಅವೂ ತುಂಬಿ ಹೋಗಿದ್ದವು. ಸ್ವಯಂಸೇವಕರಿಗೆ ತೋರಿಸಿದರೆ ಅದು ಜಾಡಮಾಲಿಯ ಕೆಲಸ ಎಂದುಬಿಟ್ಟರು. ಮೂವತ್ತೆರಡು ವರ್ಷದ ಗಾಂಧಿ ಒಂದು ಪೊರಕೆ ಹುಡುಕಿ ತಂದು, ತಾವು ಬಳಸುವಷ್ಟನ್ನು ತಾವೇ ತೊಳೆದರು. ಉಳಿದವನ್ನೆಲ್ಲ ತೊಳೆಯುವುದು ಒಬ್ಬರ ಕೈಲಿ ಆಗುವ ಕೆಲಸವಾಗಿರಲಿಲ್ಲ. ರಾತ್ರಿ ಕೆಲವು ಪ್ರತಿನಿಧಿಗಳು ಕೋಣೆಯ ಮುಂದಿನ ಜಗಲಿಯನ್ನೇ ಬಳಸಿದ್ದನ್ನೂ ಅವರು ಕಂಡರು.

1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರ ಗೆಳೆಯ ಕಾಲೆನ್‌ಬಾಕ್ ಕೊಟ್ಟ 1,100 ಎಕರೆ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯಿತು. ಅಷ್ಟು ಜನರಿದ್ದರೂ ಕಸ, ಮಲ ಎಲ್ಲೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಲವೂ ಗುಂಡಿಗೆ ಹೋಗಿ, ಮೇಲೆ ಮಣ್ಣು ಮುಚ್ಚಿ, ಕಾಲಕ್ರಮದಲ್ಲಿ ಗೊಬ್ಬರವಾಗುತ್ತಿತ್ತು. ಪ್ರತಿಯೊಬ್ಬರೂ ಒಂದು ಸಣ್ಣ ಗುದ್ದಲಿ ಇಟ್ಟುಕೊಂಡರೆ ಸಾಕು ಎಂಬುದು ಅಲ್ಲಿ ಅವರು ಕಂಡುಕೊಂಡ ಸೂತ್ರ. ಯೋಚಿಸಿ ನೋಡಿದರೆ, ಕೈಲಿ ಹಿಡಿದು ಹೋಗುವ ಕಕ್ಕಸುಗಳಲ್ಲಿ ಅತಿ ಚಿಕ್ಕದು ಆ ಗುದ್ದಲಿಯೇ.

ಮಣ್ಣಿನ ಗುಣ ಅವರೊಬ್ಬರೇ ಕಂಡದ್ದಲ್ಲ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಹೆನ್ರಿ ಮೌಲ್ ಎಂಬ ಪಾದ್ರಿ ತಮ್ಮ ಊರಿನಲ್ಲಿ ಕಾಲರಾ ಕಂಡು ನೊಂದು, ಒಣಮಣ್ಣು ಹಾಕಿ ಮುಚ್ಚಿದ ಮಲ ಕೆಲವು ವಾರಗಳಲ್ಲಿ ನಾತವಿಲ್ಲದ ಮಣ್ಣಾಗುವುದನ್ನು ಗಮನಿಸಿದರು. 1860ರಲ್ಲಿ ಮಣ್ಣಿನ ಕಕ್ಕಸಿಗೆ ಪೇಟೆಂಟ್ ಪಡೆದರು. ಇವತ್ತಿನ ನೀರಿಲ್ಲದ ಪೆಟ್ಟಿಗೆಗಳಿಗೆ ಅದೇ ಮೂಲ. ಮಣ್ಣಿನ ಬದಲು ಮರದ ಹೊಟ್ಟು, ಬೂದಿ, ಇಲ್ಲವೇ ತೆಂಗಿನ ನಾರಿನ ಪುಡಿ ಹಾಕುತ್ತಾರೆ. ನಾರಿನ ಪುಡಿ ನಮ್ಮ ಕೃಷ್ಣಗಿರಿ ಕಡೆ ಸುಲಭವಾಗಿ ಸಿಗುವಂಥದ್ದೇ.

ಭಾರತದ ದಾರಿಗಳಲ್ಲಿ

1915ರಲ್ಲಿ ಗಾಂಧಿ ತಾಯ್ನಾಡಿಗೆ ಮರಳಿದರು. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಯಾತ್ರಿಕರ ಗುಂಡಿ ಕಕ್ಕಸುಗಳಿಗೆ ಮಣ್ಣು ಮುಚ್ಚುವ ಕೆಲಸವನ್ನು ಅವರ ಫೀನಿಕ್ಸ್ ತಂಡ ಕೇಳಿ ಪಡೆಯಿತು. 1917ರಲ್ಲಿ ಮುಂಬಯಿಯಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಬಂದವರು, ಡಬ್ಬಿಯ ಕಕ್ಕಸಿನ ದುಃಸ್ಥಿತಿಯನ್ನು ಪತ್ರಿಕೆಗಳಿಗೆ ವಿವರವಾಗಿ ಬರೆದು ತಿಳಿಸಿದರು. ರೈಲ್ವೆಯವರ ಅಲಕ್ಷ್ಯವನ್ನೂ ಪ್ರಯಾಣಿಕರ ಕೊಳಕು ಅಭ್ಯಾಸವನ್ನೂ ಅವರು ಒಟ್ಟಿಗೇ ದೂರಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಮ್ಮ ಆ ಗಡಿ ಊರಿನಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದರು. ಬಿಡಾರದ ಹೆಸರು ವಿಜಯನಗರ. ನೀರಿಗಾಗಿ ತೋಡಿದ ಬಾವಿ ಇಂದಿಗೂ ಇದೆ. ಕಲ್ಕತ್ತಾದಲ್ಲಿ ಸ್ವಯಂಸೇವಕರು ಮುಟ್ಟದ ಕೆಲಸವನ್ನು ಇಲ್ಲಿ ಕಾಕಾ ಕಾಲೇಲ್ಕರರ ಮುಂದಾಳತ್ವದಲ್ಲಿ ಸ್ವಯಂಸೇವಕರೇ ಮಾಡಿದರು, ಮೇಲ್ಜಾತಿಯ ಯುವಕರೂ ಕೈಹಾಕಿದರು. ಪ್ರವಾಸದಲ್ಲಿ ನಾವು ವೀರಸೌಧದ ಮುಂದೆ ನಿಂತಾಗ ಈ ಯುವಕರನ್ನೂ ನೆನೆಯೋಣ.

1930ರ ಮಾರ್ಚ್ 12ರಂದು ದಂಡಿ ಯಾತ್ರೆ ಹೊರಟಿತು. ಸುಮಾರು 80 ಜನ, 24 ದಿನ, 385 ಕಿಲೋಮೀಟರ್. ಅವರಿಗಿಂತ ಮುಂಚೆ ವಿದ್ಯಾರ್ಥಿಗಳ ತಂಡವೊಂದು ಹಳ್ಳಿಗಳಿಗೆ ಹೋಗಿ, ತಂಗುವ ಜಾಗ ನೋಡಿ, ಕಕ್ಕಸಿಗೆ ಗುಂಡಿ ತೋಡುತ್ತಿತ್ತು. ಆ ಯಾತ್ರಿಕರಲ್ಲಿ ಇದ್ದ ಕನ್ನಡಿಗರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಒಬ್ಬರೇ, ಹದಿನೆಂಟರ ಆಸುಪಾಸಿನ ಹುಡುಗ. ಬೆಳಗಾವಿಯ ಹೆದ್ದಾರಿಯಲ್ಲೇ ಹಾವೇರಿಗೆ ಮುಂಚೆ ಮೋಟೆಬೆನ್ನೂರು ಸಿಗುತ್ತದೆ; ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಏರ್ಪಾಡಿದೆ.

ನಮ್ಮ ಹೊಸೂರಿಗೂ ಗಾಂಧೀಜಿಗೂ ನೆಂಟಸ್ತನವಿದೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಮಗಳು ಲಕ್ಷ್ಮಿಯವರನ್ನು 1933ರಲ್ಲಿ ಗಾಂಧೀಜಿಯ ಮಗ ದೇವದಾಸರು ಮದುವೆಯಾದರು. ಹಾಗಾಗಿ ನಮ್ಮೂರ ಬೀಗರು ಎಂದು ಹೇಳಿಕೊಳ್ಳುವ ಹಕ್ಕು ನಮಗಿದೆ.

1946-47ರಲ್ಲಿ ಗಲಭೆಯಿಂದ ನೊಂದ ನೌಖಾಲಿಯಲ್ಲಿ ಎಪ್ಪತ್ತೇಳರ ವಯಸ್ಸಿನಲ್ಲಿ ಬರಿಗಾಲಲ್ಲಿ ಹಳ್ಳಿ ಹಳ್ಳಿ ನಡೆದರು. ಬೇಕೆಂದೇ ಹಾದಿಯಲ್ಲಿ ಹಾಕಿದ್ದ ಹೊಲಸನ್ನು ಎಲೆಯಿಂದ ತಾವೇ ತೆಗೆದು ಮುಂದೆ ನಡೆದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗುಂಡಿಗೆ ಬಲಿಯಾದರು.

ಉಳಿದುಹೋದ ಪ್ರಶ್ನೆ

ಇಷ್ಟು ಹೇಳಿ ನಿಲ್ಲಿಸಿದರೆ ಪರಿಚಯ ಅರ್ಧವಾಗುತ್ತದೆ. ಈ ಕೆಲಸವನ್ನು ಪವಿತ್ರವೆಂದು ಹೊಗಳಿದ ಮಾತ್ರಕ್ಕೆ ಅದನ್ನು ಹುಟ್ಟಿನಿಂದ ಹೊತ್ತವರ ಹೊರೆ ಇಳಿಯದು ಎಂದು ಡಾ. ಅಂಬೇಡ್ಕರ್ ಕಟುವಾಗಿ ಟೀಕಿಸಿದರು. ಅವರ ಮಾತು ನಿಜವಾಯಿತು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದು ನಿಲ್ಲಲು 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಅದರ ನಂತರವೂ ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಯ ಕಾಲೊನಿಗಳಲ್ಲಿ ಒಣ ಕಕ್ಕಸುಗಳಿದ್ದವು. ಆ ಕೆಲಸದ ಮನೆತನದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಅದರ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಕೈಯಿಂದ ಮಲ ಬಾಚಿಸುವುದನ್ನು 1993ರ ಮತ್ತು 2013ರ ಕಾಯ್ದೆಗಳು ನಿಷೇಧಿಸಿವೆ.

ನಮ್ಮ ವ್ಯಾನಿನ ಪೆಟ್ಟಿಗೆಗೂ ಇದೇ ಪ್ರಶ್ನೆ. ಬೆಲೆ, ಬಣ್ಣ, ಕಂಪನಿ ಆಮೇಲೆ. ತುಂಬಿದ ಡಬ್ಬವನ್ನು ಎತ್ತುವವರು ಯಾರು? ಕ್ಲೀನರ್ ಹುಡುಗನ ಕೈಗೆ ನೂರು ರೂಪಾಯಿ ಇಟ್ಟು ಮುಖ ತಿರುಗಿಸುವುದಾದರೆ ಗಾಂಧೀಜಿಯವರ ಅಧಿವೇಶನದ ಊರಿಗೆ ಹೋಗುವ ಅರ್ಹತೆ ನಮಗಿಲ್ಲ. ಆದ್ದರಿಂದ ಬಳಸಿದವರೇ ಎತ್ತಬಲ್ಲ ಪೆಟ್ಟಿಗೆ ಇರಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಲೆಕ್ಕ ಹಾಕಿದ್ದೇವೆ.

ನಮ್ಮ ಲೆಕ್ಕ

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮಡಚುವ ಪೀಠಕ್ಕೆ ಚೀಲ ಹಾಕುವುದು. ಹಗುರ ನಿಜ, ಆದರೆ ಆ ಪ್ಲಾಸ್ಟಿಕ್ ಚೀಲ ಕೊನೆಗೆ ಕಸ ಆಯುವವರ ಕೈಗೇ ಹೋಗುತ್ತದೆ. ಅದು ಬೇಡ. ಎರಡನೆಯದು ಬೇರೆ ಬೇರೆ ಡಬ್ಬಗಳ ಒಣ ಬಗೆ. ನಾತ ಕಡಿಮೆ, ಆದರೆ ನಾವು ನೀರಿನಲ್ಲಿ ತೊಳೆದುಕೊಳ್ಳುವವರು. ಆ ನೀರು ಒಣ ಡಬ್ಬಕ್ಕೆ ಬಿದ್ದರೆ ಉದ್ದೇಶವೇ ಕೆಡುತ್ತದೆ. ಮೂರನೆಯದು ಮೇಲೆ ಶುದ್ಧನೀರಿನ ತೊಟ್ಟಿ, ಕೆಳಗೆ ಮುಚ್ಚಳವಿರುವ ಕೊಳೆ ತೊಟ್ಟಿ ಇರುವ ಫ್ಲಶ್ ಬಗೆ. ನಮಗೆ ಇದು ಹೊಂದುತ್ತದೆ.

ಕೆಳಗಿನ ತೊಟ್ಟಿ ಸಾಮಾನ್ಯವಾಗಿ 10ರಿಂದ 20 ಲೀಟರ್. ಒಬ್ಬರಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ, ತೊಳೆಯುವ ನೀರು ಇನ್ನೊಂದು ಲೀಟರ್ ಎಂದಿಟ್ಟುಕೊಂಡರೆ, ನಾಲ್ಕು ಜನಕ್ಕೆ ದಿನಕ್ಕೆ 10 ಲೀಟರ್. ಇಪ್ಪತ್ತು ಲೀಟರಿನದು ಎರಡು ದಿನ ಬಂದೀತು, ಆದರೆ ತುಂಬಿದಾಗ ಇಪ್ಪತ್ತು ಕಿಲೋ ದಾಟುತ್ತದೆ. ಅರವತ್ತು ಮೀರಿದ ನಾವು ಅದನ್ನು ವ್ಯಾನಿನಿಂದ ಇಳಿಸಲಾರೆವು. ಆದ್ದರಿಂದ 10ರಿಂದ 12 ಲೀಟರಿನದನ್ನೇ ಆರಿಸಿ, ದಿನವೂ ಬರಿದು ಮಾಡುವುದು ಮೇಲು. ಹಗಲಿನ ದಾರಿಯಲ್ಲಿ ಒಂದಕ್ಕೆ ಮಾತ್ರ ಬಳಸಿ, ಆದಷ್ಟು ಎರಡಕ್ಕೆ ತಂಗುವ ಕಡೆ ಹೋದರೆ ಹನ್ನೆರಡು ಲೀಟರ್ ಧಾರಾಳ.

ಪೀಠದ ಎತ್ತರ ಕುರ್ಚಿಯಷ್ಟು, ಅಂದರೆ 40 ಸೆಂಟಿಮೀಟರ್ ಆಸುಪಾಸು ಇರಲಿ. ಮಂಡಿನೋವಿನವರಿಗೆ ಕುಳ್ಳಗಿನದು ಕಷ್ಟ. ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿದು, ಸುತ್ತ ದಪ್ಪ ಪರದೆ ಇರಬೇಕು. ವಾಹನ ನಿಂತಾಗ ಮಾತ್ರ ಬಳಕೆ. ಘಾಟಿ ಹತ್ತಿದ ಮೇಲೆ ತೊಟ್ಟಿಯೊಳಗೆ ಗಾಳಿ ಒತ್ತಿರುತ್ತದೆ. ಮೇಲಿನ ಮುಚ್ಚಳ ಹಾಕಿಕೊಂಡೇ ಕವಾಟ ನಿಧಾನ ತೆರೆದರೆ ಚಿಮ್ಮುವುದಿಲ್ಲ. ವಾಸನೆಗೆ ಹಾಕುವ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಇರಬಾರದು, ಅದು ಸೆಪ್ಟಿಕ್ ಟ್ಯಾಂಕಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ.

ಬರಿದು ಮಾಡುವುದು ತಂಗುವ ಮನೆಯವರ ಒಪ್ಪಿಗೆ ಪಡೆದು, ಅವರ ಕಕ್ಕಸಿನ ಗುಂಡಿಯಲ್ಲಿ ಮಾತ್ರ. ಕೆರೆಯಂಗಳ, ರಸ್ತೆಬದಿ, ಮಳೆನೀರಿನ ಚರಂಡಿ ಯಾವುದೂ ಕೂಡದು. ಕೈಗವಸು, ಸೋಪು, ಎರಡು ಬಿಂದಿಗೆ ನೀರು ಜೊತೆಯಲ್ಲಿರುತ್ತದೆ.

ಡಬ್ಬ ಎತ್ತುವವರ ಸರದಿ ಪಟ್ಟಿಯನ್ನು ಹೆಸರು ನೊಂದಾಯಿಸುವ ದಿನವೇ ಬರೆಯಲಾಗುವುದು. ಕಸ್ತೂರಬಾ ಅವರನ್ನು ನೆನೆದು, ಮೊದಲ ಎರಡು ದಿನದ ಸರದಿ ಗಂಡಸರದೇ ಎಂದು ಸಮಿತಿ ಗೊತ್ತುಮಾಡಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ಕಾರ್ಯದರ್ಶಿಯ ಹೆಸರಿದೆ. ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಧೈರ್ಯವಾಗಿ ನೀರು ಕುಡಿಯಬೇಕೆಂದೂ, ಹಿಂಜರಿದ ಹಿರಿಯರು ಈ ಸಲ ತಪ್ಪದೆ ಬರಬೇಕೆಂದೂ ಅರಿಕೆ ಮಾಡಿಕೊಳ್ಳುತ್ತೇವೆ.