ಮಂದ ಬೆಳಕಿನ ಬೆನ್ನು ಹತ್ತಿದವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರುಗಳ ನಾವು ನಾಲ್ವರು ಅಧ್ಯಾಪಕರು ಕೈಯಿಂದ ಹಣ ಕೂಡಿಸಿ ಪ್ರತಿದೀಪ್ತಿಯ ಸೂಕ್ಷ್ಮದರ್ಶಕವೊಂದನ್ನು ಕೊಂಡಿದ್ದೇವೆ. ಅದು ಸರದಿಯಂತೆ ಊರೂರು ಸುತ್ತುತ್ತದೆ. ಕಡಲೆಕಾಯಿ ಬೇರಿನ ತೆಳುಸೀಳಿನ ಮೇಲೆ ನೇರಳಾತೀತ ಕಿರಣ ಬಿದ್ದರೆ ನಾಳಗಳ ಗೋಡೆ ಮಂದ ನೀಲಿಯಾಗಿ ಹೊಳೆಯುತ್ತದೆ. ಅದರ ಚಿತ್ರ ಹಿಡಿಯಲು ಕ್ಯಾಮೆರಾ ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಪಿಕ್ಸೆಲ್‌ಗಳ ಸಂಖ್ಯೆಗೆ ಮರುಳಾಗಿ ನಾನು ತಂದ ಬಣ್ಣದ ಕ್ಯಾಮೆರಾ, ಕಂಬಳಿಯ ಮೇಲೆ ರಾಗಿ ಚೆಲ್ಲಿದಂಥ ಚಿತ್ರವನ್ನಷ್ಟೇ ಕೊಟ್ಟಿತು. ತಪ್ಪು ನನ್ನೊಬ್ಬನದು, ಹಣ ನಾಲ್ವರದು.

ಆ ನಾಚಿಕೆಯಲ್ಲಿ ನನಗೆ ನೆನಪಾದವರು ಸರ್ ಸಿ. ವಿ. ರಾಮನ್.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದ ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಯ ವೇಳೆಯನ್ನು ಬಿಟ್ಟು ಉಳಿದುದೆಲ್ಲ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಮೀಸಲಾಯಿತು. 1917ರಲ್ಲಿ ದೊಡ್ಡ ಸಂಬಳ ಬಿಟ್ಟು ಪ್ರಾಧ್ಯಾಪಕರಾದರು.

1923ರಲ್ಲಿ ಅವರ ಶಿಷ್ಯ ರಾಮನಾಥನ್, ನೀರಿನಲ್ಲಿ ಚದುರಿದ ಬೆಳಕಿನೊಳಗೆ ಬಣ್ಣ ಬದಲಾದ ಕ್ಷೀಣವಾದೊಂದು ಎಳೆಯನ್ನು ಕಂಡರು. ಕಲ್ಮಷದ ಪ್ರತಿದೀಪ್ತಿಯಿರಬೇಕೆಂದು ಬಗೆದು ದ್ರವವನ್ನು ಮತ್ತೆ ಮತ್ತೆ ಶುದ್ಧಿಮಾಡಿದರೂ ಅದು ತೊಲಗಲೊಲ್ಲದು! ಐದು ವರ್ಷ ಕಾಡಿದ ಸಂಶಯವದು. 1928ರ ಆರಂಭದಲ್ಲಿ ಶುದ್ಧ ಗ್ಲಿಸರಿನ್ನಿನಲ್ಲಿ ಕಂಡ ಹಸಿರು ಬೆಳಕು ಬಲವಾಗಿ ಧ್ರುವೀಕೃತವಾಗಿತ್ತು, ಪ್ರತಿದೀಪ್ತಿಯಾಗಿದ್ದರೆ ಹಾಗಿರಲಾರದು.

ರಾಮನ್ ಮತ್ತು ಕೃಷ್ಣನ್ ಮಾಡಿದ ಉಪಾಯವನ್ನು ಕೊಂಚ ವಿವರಿಸುತ್ತೇನೆ, ವಾಚಕರು ಬೇಸರಿಸಬಾರದು. ಒಳಬರುವ ಬಿಸಿಲಿಗೆ ನೀಲಿ-ನೇರಳೆ ಗಾಜು, ನೋಡುವ ಕಣ್ಣಿನ ಮುಂದೆ ಹಳದಿ-ಹಸಿರು ಗಾಜು. ಒಂದು ಬಿಟ್ಟ ಬಣ್ಣವನ್ನು ಇನ್ನೊಂದು ತಡೆಯುತ್ತದೆ. ಅಷ್ಟಾದರೂ ಏನಾದರೂ ಕಂಡರೆ ಅದು ದ್ರವದೊಳಗೆ ಬಣ್ಣ ಬದಲಿಸಿದ ಬೆಳಕು. ಕತ್ತಲೆಗೆ ಹೊಂದಿಕೊಂಡ ಕಣ್ಣೇ ಅವರ ಮೊದಲ ಸಾಧನ. ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ಹೊಸ ಬೆಳಕು ಬೇರೆಯಾಗಿಯೇ ಕಂಡಿತು. ಛಾಯಾಚಿತ್ರದ ಫಲಕಗಳಿಗೆ ಗಂಟೆಗಟ್ಟಲೆ ಬೆಳಕೂಡಿಸುವ ಕೆಲಸ ಆಮೇಲಿನದು. 1930ರಲ್ಲಿ ನೊಬೆಲ್ ಬಂದಿತು.

ನಮ್ಮ ಸೂಕ್ಷ್ಮದರ್ಶಕದಲ್ಲಿರುವುದೂ ಅಂಥ ಎರಡು ಗಾಜುಗಳೇ. ನಾನು ಅವುಗಳಲ್ಲಿ ಜಿಪುಣತನ ಮಾಡಿ ಕ್ಯಾಮೆರಾಗೆ ಹಣ ಸುರಿದಿದ್ದೆ. ಅದರಲ್ಲೂ ಬಣ್ಣದ ಕ್ಯಾಮೆರಾದ ಪ್ರತಿ ಪಿಕ್ಸೆಲ್ಲಿನ ಮೇಲೂ ಒಂದು ಬಣ್ಣದ ಶೋಧಕವಿದ್ದು, ಬಂದ ಅಲ್ಪ ಬೆಳಕಿನ ಬಹುಭಾಗವನ್ನು ಅದೇ ನುಂಗುತ್ತದೆ. ಪಿಕ್ಸೆಲ್ ಕಿರಿದಾದಷ್ಟೂ ಅದರ ಪಾಲಿನ ಬೆಳಕು ಕಡಿಮೆ. ಸಂವೇದಕ ಬೆಚ್ಚಗಾದರೆ ಬೆಳಕಿಲ್ಲದೆಯೂ ಚುಕ್ಕೆ ಹುಟ್ಟುತ್ತದೆ. ಕೊನೆಗೆ ಹಳೆಯದನ್ನು ನಷ್ಟಕ್ಕೆ ಮಾರಿ, ಪಿಕ್ಸೆಲ್ ಕಡಿಮೆಯಾದರೂ ದೊಡ್ಡವಾಗಿರುವ, ತಂಪಾಗಿಡುವ ಏರ್ಪಾಡುಳ್ಳ ಕಪ್ಪು-ಬಿಳುಪು ಕ್ಯಾಮೆರಾವನ್ನೂ ಒಳ್ಳೆಯ ಗಾಜುಗಳನ್ನೂ ತಂದೆ. ನಷ್ಟವನ್ನು ನಾನೇ ತುಂಬಿದೆ.

1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಪದವಿ ಬಿಟ್ಟರು. 1948ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಅವರು ಕೂಡಿಟ್ಟ ಖನಿಜಗಳಲ್ಲಿ ಕೆಲವು ನೇರಳಾತೀತ ದೀಪದಡಿ ಕತ್ತಲೆಯಲ್ಲಿ ಬಣ್ಣಬಣ್ಣವಾಗಿ ಹೊಳೆಯುತ್ತವೆ. ಐದು ವರ್ಷ ಬೇಡವೆಂದು ದೂಡಿದ ಪ್ರತಿದೀಪ್ತಿಯನ್ನು ಮುಪ್ಪಿನಲ್ಲಿ ಮನೆಗೆ ಕರೆದುಕೊಂಡಂತಿದೆ. 1970ರ ನವೆಂಬರ್ 21ರಂದು ತೀರಿಕೊಂಡ ಅವರ ದಹನ ಆ ಸಂಸ್ಥೆಯ ತೋಟದಲ್ಲೇ ನಡೆಯಿತು.

ಕ್ಯಾಮೆರಾ ಈ ವಾರ ಪಾವಗಡದಲ್ಲಿದೆ.