ಮಾಸ್ತರರನ್ನ ಹುಡುಕಿದ ಕಿಟ್ಟೆಲ್

ನಮ್ಮಲ್ಲಿ ಯಾವ ಸಬ್ಜೆಕ್ಟ್ ಕಷ್ಟ ಅನಿಸಿದ್ರೂ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಟ್ಯೂಷನ್ ಯಾರ ಹತ್ರ? ಇಂಟರ್ನಲ್ಸ್ ಹತ್ತಿರ ಬಂದಾಗ ಹಾಸ್ಟೆಲಿನ ಪ್ರತಿ ಕಾರಿಡಾರಲ್ಲೂ ಇದೇ ಮಾತು. ಅಮೆರಿಕದಲ್ಲಿ ಹೈಸ್ಕೂಲ್ ಹುಡುಗರು ಸ್ಪ್ಯಾನಿಷ್ ಸಾಹಿತ್ಯದ ಅಡ್ವಾನ್ಸ್ಡ್ ಪರೀಕ್ಷೆ ಬರೀತಾರಂತೆ. ಅದಕ್ಕೂ ಆನ್‌ಲೈನಲ್ಲಿ ಗಂಟೆಗಿಷ್ಟು ಅಂತ ಹೇಳಿಕೊಡೋರು ಸಿಗ್ತಾರೆ.

ಈಗ ಇದನ್ನ ಸ್ವಲ್ಪ ತಿರುಗಿಸಿ ನೋಡೋಣ. ವರ್ಷ 1853. ಕಲಿಯಬೇಕಾದ ಭಾಷೆ ಕನ್ನಡ, ಅದೂ ಹಳಗನ್ನಡ. ವಿದ್ಯಾರ್ಥಿ ಜರ್ಮನಿಯ 21 ವರ್ಷದ ಹುಡುಗ. ಸರಿಯಾದ ಡಿಕ್ಷನರಿ ಇಲ್ಲ, ಓದಬೇಕಾದ ಪುಸ್ತಕಗಳಲ್ಲಿ ಹೆಚ್ಚಿನವು ಅಚ್ಚೇ ಆಗಿಲ್ಲ. ಅವನಿಗೆ ಮಾಸ್ತರ್ ಎಲ್ಲಿ ಸಿಗಬೇಕು?

ಆ ಹುಡುಗ ಫರ್ಡಿನೆಂಡ್ ಕಿಟ್ಟೆಲ್. ಹೆಸರು ನಮಗೆಲ್ಲ ಗೊತ್ತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಕಿಟ್ಟೆಲ್ ಅಂದ್ರೆ ನಿಘಂಟು, ನಿಘಂಟು ಅಂದ್ರೆ ಕಿಟ್ಟೆಲ್. ಸಾಮಾನ್ಯವಾಗಿ ನಮಗೆ ಗೊತ್ತಿರೋದು ಅಲ್ಲಿಗೆ ಮುಗೀತು. ನಾನು ಹೇಳಬೇಕು ಅಂತಿರೋದು ಬೇರೆ ಒಂದು ವಿಷಯ. ಕಿಟ್ಟೆಲ್ ದೊಡ್ಡ ಪಂಡಿತರಾಗೋಕೆ ಮುಂಚೆ, ಆದಮೇಲೂ, ವಿದ್ಯಾರ್ಥಿಯಾಗಿಯೇ ಇದ್ದರು. ಅವರ ಜೀವನವನ್ನ ಸುಮಾರು 40 ವರ್ಷದ ಒಂದು ಟ್ಯೂಷನ್ ಅಂತಲೂ ಓದಬಹುದು.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲಲ್ಲಿ, ಜರ್ಮನಿಯ ಉತ್ತರ ತುದಿಯಲ್ಲಿ, ಸಮುದ್ರದ ಹತ್ತಿರದ ರೆಸ್ಟರ್‌ಹಾಫೆ ಅನ್ನೋ ಊರಲ್ಲಿ. ತಂದೆ ಪಾದ್ರಿ. ಶಾಲೆಯಲ್ಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ತರದ ಭಾಷೆಗಳ ಅಭ್ಯಾಸ ಆಯ್ತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ನಮ್ಮ ಕಡೆ ಬಂದರು. ಅದೇ ವರ್ಷ ಏಪ್ರಿಲಲ್ಲಿ ಬೊಂಬಾಯಿಯಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿತ್ತು. ನಮ್ಮ ಕಡೆ ರೈಲು ಬರೋಕೆ ಇನ್ನೂ ಬಹಳ ವರ್ಷ ಬೇಕಿತ್ತು. ಓಡಾಟ ಅಂದ್ರೆ ಎತ್ತಿನ ಗಾಡಿ, ಕುದುರೆ, ಇಲ್ಲಾ ಕಾಲ್ನಡಿಗೆ.

ಬಾಸೆಲ್ ಮಿಷನ್ ಅಷ್ಟರಲ್ಲಾಗಲೇ ಬೇರು ಬಿಟ್ಟಿತ್ತು. ಮಂಗಳೂರಲ್ಲಿ 1834ರಲ್ಲಿ ಶುರುವಾಗಿ, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿ ಮತ್ತು ಮಲ್ಲಸಮುದ್ರದ ತನಕ ಬಂದಿತ್ತು. ನಮ್ಮೂರು ಅಸೂಟಿ, ರೋಣ ತಾಲೂಕು. ಅಲ್ಲಿಂದ ರೋಣ ದಾಟಿ ಗದಗಿಗೆ ಹೋದರೆ ಬೆಟಗೇರಿ ಸಿಕ್ಕೇ ಸಿಗುತ್ತೆ. ಆಗ ಈ ಸೀಮೆಯೆಲ್ಲ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಕಿಟ್ಟೆಲ್ ಮೊದಲು ಕನ್ನಡ ಕಲಿಯೋಕೆ ಕೂತಿದ್ದು ಆ ಧಾರವಾಡದಲ್ಲೇ.

ಮಾತಾಡೋ ಕನ್ನಡ ಕಲಿಯೋಕೆ ದಾರಿ ಇತ್ತು. ಮಿಷನರಿಗಳು, ಇಂಗ್ಲಿಷ್ ಅಧಿಕಾರಿಗಳು ಮುನ್ಷಿಗಳನ್ನ ಸಂಬಳಕ್ಕೆ ಇಟ್ಟುಕೊಳ್ತಿದ್ರು. ಮುನ್ಷಿ ಅಂದ್ರೆ ಇವತ್ತಿನ ಹೋಮ್ ಟ್ಯೂಟರ್. ಬೆಳಗ್ಗೆ ಬಂದು ಅಕ್ಷರ ತಿದ್ದಿಸಿ, ಮಾತಾಡಿಸಿ ಹೋಗೋರು. ಅದರಿಂದ ಸಂತೆಯಲ್ಲಿ ವ್ಯವಹಾರ ಮಾಡಬಹುದು, ಪ್ರವಚನ ಕೊಡಬಹುದು. ಬಹಳ ಜನ ಅಲ್ಲಿಗೇ ನಿಲ್ಲಿಸಿದರು. ಕಿಟ್ಟೆಲ್‌ಗೆ ಅದು ಸಾಕಾಗಲಿಲ್ಲ. ಈ ಜನರ ಜೊತೆ ಮಾತಾಡಬೇಕಾದ್ರೆ ಅವರ ಕಾವ್ಯ, ಪುರಾಣ, ಗಾದೆ, ಹಾಡು ಎಲ್ಲಾ ಗೊತ್ತಿರಬೇಕು ಅನ್ನೋದು ಅವರ ನಂಬಿಕೆ.

ಅವರು ಬಂದಿದ್ದು ಧರ್ಮಪ್ರಚಾರಕ್ಕೆ, ಇದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ಆ ಕೆಲಸಕ್ಕೆ ಬೇಕಾಗಿದ್ದಕ್ಕಿಂತ ಬಹಳ ಮುಂದೆ ಹೋದರು. ಕನ್ನಡಿಗರ ಜೊತೆ ಕನ್ನಡಿಗನಾಗಿ ಇರಬೇಕು ಅಂತ ಸರಳವಾಗಿ ಬದುಕೋಕೆ ನೋಡಿದರು, ಊರಿಂದೂರಿಗೆ ನಡೆದೇ ಹೋದರು. ಮಿಷನ್ನಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಸಿಲೆಬಸ್ ಬಿಟ್ಟು ಬೇರೆ ಏನನ್ನೋ ಆಳವಾಗಿ ಓದೋ ಹುಡುಗನನ್ನ ಕಂಡರೆ ಎಲ್ಲಾ ಕಾಲದಲ್ಲೂ ಹಿರಿಯರಿಗೆ ತಲೆನೋವೇ.

ಹಳಗನ್ನಡಕ್ಕೆ ಮಾಸ್ತರ್ ಯಾಕೆ ಬೇಕೇ ಬೇಕಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಂಪ, ರನ್ನ ಅಂತ ನಾವು ಪಿಯುಸಿಯಲ್ಲಿ ಎರಡು ಪುಟ ಓದಿರ್ತೀವಿ. ಆದರೆ ಪಂಪಭಾರತ ಅಚ್ಚಾಗಿದ್ದು 1898ರಲ್ಲಿ. ಕವಿರಾಜಮಾರ್ಗವೂ ಅದೇ ವರ್ಷ. ಅಂದ್ರೆ ಕಿಟ್ಟೆಲ್ ಭಾರತಕ್ಕೆ ಬಂದು 45 ವರ್ಷ ಆದಮೇಲೆ! ಅವರಿಗಿಂತ ಮುಂಚೆ ಬಂದಿದ್ದ ಹರ್ಮನ್ ಮೊಗ್ಲಿಂಗ್ ಅವರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನ ಕಲ್ಲಚ್ಚಿನಲ್ಲಿ ಪ್ರಿಂಟ್ ಮಾಡಿಸಿದ್ದರು. ಉಳಿದದ್ದು ಹೆಚ್ಚಾಗಿ ತಾಳೆಗರಿಯಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಗಳಲ್ಲಿ. ತಾಳೆಗರಿಯಲ್ಲಿ ಪದಗಳ ಮಧ್ಯೆ ಜಾಗ ಬಿಡೋ ಪದ್ಧತಿ ಇಲ್ಲ. ಸ್ಪೇಸ್ ಇಲ್ಲದ, ಕಾಮೆಂಟ್ ಇಲ್ಲದ ಯಾರದೋ ಕೋಡ್ ಕೈಗೆ ಬಂದ ಹಾಗೆ. ಎಲ್ಲಿ ಒಡೆದು ಓದಬೇಕು ಅಂತ ಗೊತ್ತಿರೋನು ಪಕ್ಕದಲ್ಲಿ ಕೂತರೇನೇ ಅದು ಓದಾಗುತ್ತೆ.

ಇನ್ನೊಂದು ಕಷ್ಟ ಅಕ್ಷರಗಳದ್ದು. ಹಳಗನ್ನಡದಲ್ಲಿ ೞ ಅಂತ ಒಂದು ಅಕ್ಷರ ಇತ್ತು, ಈಗ ನಮ್ಮ ವರ್ಣಮಾಲೆಯಲ್ಲಿ ಇಲ್ಲ. ಆಗ ಮೞೆ, ಈಗ ಮಳೆ, ನಮ್ಮೂರ ಬಾಯಲ್ಲಿ ಮಳಿ. ಆಗ ಪೊಲ, ಈಗ ಹೊಲ. ಈ ಕೊಂಡಿ ಗೊತ್ತಿದ್ರೆ ಅರ್ಧ ಹಳಗನ್ನಡ ಪರಿಚಯದ ಮುಖ ಅನಿಸುತ್ತೆ, ಗೊತ್ತಿಲ್ಲದಿದ್ರೆ ಅದೂ ಒಂದು ಸ್ಪ್ಯಾನಿಷ್ಷೇ. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದ ನನ್ನಂತೋರಿಗೆ ಹಳಗನ್ನಡ ಹೇಗೆ ಕಾಣುತ್ತೋ, 1853ರ ಕಿಟ್ಟೆಲ್‌ಗೂ ಹೆಚ್ಚುಕಡಿಮೆ ಹಾಗೇ ಕಂಡಿರಬೇಕು.

ಹಾಗಾಗಿ ಕಿಟ್ಟೆಲ್ ಪಂಡಿತರ ಸಹಾಯ ಪಡೀತಾ ಹೋದರು. ಒಬ್ಬ ಮಾಸ್ತರರಿಂದ ಮುಗಿಯೋ ಕೆಲಸ ಅದಲ್ಲ. ಕನ್ನಡ ಸಾಹಿತ್ಯದಲ್ಲಿ ಜೈನ ಕಾವ್ಯ ಒಂದು ಲೋಕ, ವೀರಶೈವ ಪುರಾಣ ಇನ್ನೊಂದು, ದಾಸರ ಪದ ಮತ್ತೊಂದು. ಒಂದರಲ್ಲಿ ಪಳಗಿದವರಿಗೆ ಇನ್ನೊಂದು ಅಷ್ಟು ಸಲೀಸಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಬೇರೆ ಬೇರೆ ಕಡೆ ಇದ್ದಾಗೆಲ್ಲ ಕಲಿಕೆ ನಡೀತಾನೇ ಇತ್ತು. ಜೊತೆಗೆ ಮಿಷನ್ನಿನ ಕೆಲಸ. ಮನೆಯಲ್ಲೂ ಸುಖವೇ ಇರಲಿಲ್ಲ. ಹೆಂಡತಿ ಪೌಲಿನ್ ಬೇಗ ತೀರಿಹೋದರು. ಮುಂದೆ ಆಕೆಯ ತಂಗಿ ಜೂಲಿಯನ್ನ ಮದುವೆಯಾದರು.

ಕಲಿತದ್ದು ಎಷ್ಟು ಗಟ್ಟಿ ಅಂತ ತಿಳಿಯೋಕೆ ಪರೀಕ್ಷೆ ಬೇಕಲ್ಲ? ಕಿಟ್ಟೆಲ್ ತಮ್ಮ ಪರೀಕ್ಷೆ ತಾವೇ ಬರ್ಕೊಂಡರು. 1862ರಲ್ಲಿ ಬಂದ ಕಥಾಮಾಲೆಯಲ್ಲಿ ಯೇಸುವಿನ ಕಥೆಯನ್ನ ಕನ್ನಡದ ಪದ್ಯದ ಮಟ್ಟಿನಲ್ಲೇ ಬರೆದರು. ಕಲಿತ ಭಾಷೆಯಲ್ಲಿ ಪ್ರಬಂಧ ಬರೆಯೋದೇ ಕಷ್ಟ, ಛಂದಸ್ಸಿನಲ್ಲಿ ಬರೆಯೋದು ದೂರದ ಮಾತು.

ಆಮೇಲೆ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನ ಸಂಪಾದಿಸಿದರು. ಇದು 13ನೇ ಶತಮಾನದ ಹಳಗನ್ನಡ ವ್ಯಾಕರಣ. ಮೊದಲು ಸೂತ್ರ, ಅದಕ್ಕೆ ವಿವರಣೆ, ಅದಕ್ಕೆ ಕವಿಗಳಿಂದ ಉದಾಹರಣೆ. ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಫಾರ್ಮುಲಾ, ಡೆರಿವೇಷನ್, ಸಾಲ್ವ್ಡ್ ಎಕ್ಸಾಂಪಲ್ ಇರೋ ತರಾನೇ. 1875ರಲ್ಲಿ ನಾಗವರ್ಮನ ಛಂದೋಂಬುಧಿ ಬಂತು, ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ಅವರದೇ ಒಂದು ದೊಡ್ಡ ಲೇಖನ.

ಛಂದಸ್ಸು ಯಾಕೆ ಅಷ್ಟು ಮುಖ್ಯ ಅನ್ನೋದು ಇಂಜಿನಿಯರಿಂಗ್ ಓದೋ ನಮಗೆ ಬೇಗ ಅರ್ಥ ಆಗುತ್ತೆ. ಕಂದಪದ್ಯ ತಗೊಳ್ಳಿ. ನಾಲ್ಕು ಸಾಲು. ಗಣಕ್ಕೆ 4 ಮಾತ್ರೆ. 1 ಮತ್ತು 3ನೇ ಸಾಲಲ್ಲಿ 3 ಗಣ, ಅಂದ್ರೆ 12 ಮಾತ್ರೆ. 2 ಮತ್ತು 4ನೇ ಸಾಲಲ್ಲಿ 5 ಗಣ, ಅಂದ್ರೆ 20 ಮಾತ್ರೆ. ಒಟ್ಟು 64. ತಾಳೆಗರಿ ನಕಲು ಮಾಡೋನು ಒಂದಕ್ಷರ ಬಿಟ್ಟರೆ ಲೆಕ್ಕ 64 ಬರಲ್ಲ. ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸವಾಗಿ ಕೂಡಬೇಕು, ಅದು ಎರಡನೇ ಚೆಕ್. ಡೇಟಾ ಕಳಿಸುವಾಗ ನಾವು ಹಾಕೋ ಚೆಕ್‌ಸಮ್ ಇದೇ ತಾನೇ? ನೂರಾರು ವರ್ಷ ಕೈಯಿಂದ ಕೈಗೆ ಬಂದ ಪಠ್ಯದಲ್ಲಿ ತಪ್ಪು ಎಲ್ಲಿದೆ ಅಂತ ಹಿಡಿಯೋಕೆ ಛಂದಸ್ಸು ಗೊತ್ತಿರಬೇಕು. ಆದರೆ ತಪ್ಪಿದ ಜಾಗದಲ್ಲಿ ಯಾವ ಪದ ಇತ್ತು ಅಂತ ಚೆಕ್‌ಸಮ್ ಹೇಳಲ್ಲ. ಅದಕ್ಕೆ ಕಾವ್ಯ ಬಾಯಿಪಾಠ ಇರೋ ಮನುಷ್ಯನೇ ಬೇಕು.

ಇಷ್ಟೆಲ್ಲದರ ಜೊತೆ ನಡೀತಿದ್ದ ಕೆಲಸ ನಿಘಂಟು. ಮುಂಚೆ ವಿಲಿಯಂ ರೀವ್ ಮಾಡಿದ್ದ ಕನ್ನಡ-ಇಂಗ್ಲಿಷ್ ಡಿಕ್ಷನರಿ 1832ರಲ್ಲಿ, ಕಿಟ್ಟೆಲ್ ಹುಟ್ಟಿದ ವರ್ಷವೇ ಬಂದಿತ್ತು. ಹಳಗನ್ನಡ ಓದೋನಿಗೆ ಅದು ಸಾಲದು. ಕಿಟ್ಟೆಲ್ ಕಾವ್ಯದ ಪದಗಳ ಜೊತೆ ಜನರ ಬಾಯಿಂದಲೂ ಪದ, ಗಾದೆ ತಗೊಂಡರು. ಯಾವ ಪದ ಯಾವ ಸೀಮೆಯದು ಅಂತ ಗುರುತು ಹಾಕಿದರು. ನಮ್ಮ ಧಾರವಾಡ-ಗದಗು-ರೋಣದ ಕಡೆಯನ್ನ ಆಗ ದಕ್ಷಿಣ ಮರಾಠಾ ಸೀಮೆ ಅಂತಿದ್ರು. ನಿಘಂಟಿನ ಪುಟ ತಿರುಗಿಸಿದ್ರೆ ಆ ಸೀಮೆಯ ಗುರುತು ಮತ್ತೆ ಮತ್ತೆ ಸಿಗುತ್ತೆ. ಅಂದ್ರೆ ಅವರ ಮಾಸ್ತರರಲ್ಲಿ ಪಂಡಿತರಷ್ಟೇ ಅಲ್ಲ, ಹೊಲಮನಿ ಮಾತಾಡೋ ಈ ಕಡೆಯ ಜನರೂ ಇದ್ದರು.

ನಡುವೆ 1877ರಲ್ಲಿ ಊರಿಗೆ ಮರಳಿದರು. 1883ರಲ್ಲಿ, 50 ದಾಟಿದಮೇಲೆ, ನಿಘಂಟಿಗಾಗಿ ಮತ್ತೆ ಬಂದರು. ಜರ್ಮನಿಯಲ್ಲಿ ಪುಸ್ತಕ ಇಟ್ಟುಕೊಂಡು ಕೂತೇ ಮುಗಿಸಬಹುದಿತ್ತಲ್ಲ ಅಂತ ಅನಿಸಬಹುದು. ಆದರೆ ಅನುಮಾನ ಬಂದಾಗ ಕೇಳೋಕೆ ಅಲ್ಲಿ ಯಾರಿದ್ದರು? ಮೂವತ್ತು ವರ್ಷ ಕಲಿತಮೇಲೂ ಕೇಳಬೇಕಾದ್ದು ಉಳಿದಿತ್ತು. ನನಗೆ ಇವರ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ. ಕಣ್ಣು ಸೋಲ್ತಾ ಬಂದರೂ ಬಿಡಲಿಲ್ಲ. 1892ರಲ್ಲಿ ಕೊನೆಯದಾಗಿ ಇಲ್ಲಿಂದ ಹೊರಟರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿಂದ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಕಿಟ್ಟೆಲ್‌ಗೆ ಆಗ 62 ವರ್ಷ. ದೇಶ ಸುತ್ತು ಕೋಶ ಓದು ಅಂತ ನಮ್ಮಲ್ಲಿ ಗಾದೆ. ಇವರು ದೇಶ ಸುತ್ತಿ ಕೋಶವನ್ನೇ ಬರೆದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಅದಕ್ಕೂ ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಲ್ಲಿ ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಪ್ರಕಟ ಆಯ್ತು. ಅದೇ ವರ್ಷ ಡಿಸೆಂಬರಲ್ಲಿ, 71ನೇ ವಯಸ್ಸಿಗೆ, ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಮುಂದೆ ಮದರಾಸು ವಿಶ್ವವಿದ್ಯಾಲಯದಿಂದ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನ ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿದರು.

ನಿಘಂಟಿನ ಮುಖಪುಟದಲ್ಲಿ ಇರೋದು ಒಂದೇ ಹೆಸರು, ಅದು ನ್ಯಾಯವೇ. ಆ ದುಡಿಮೆ ಅವರದು. ಆದರೆ 70,000 ಪದ ಒಬ್ಬರ ತಲೆಯಿಂದ ಬರಲ್ಲ. ಒಂದೊಂದು ಪದದ ಹಿಂದೆ ಯಾರೋ ಒಬ್ಬರು ಗೊತ್ತಿದ್ದನ್ನ ಹೇಳಿಕೊಟ್ಟಿದ್ದಾರೆ. ಬೇರೆ ದೇಶದವನು, ಬೇರೆ ಧರ್ಮದವನು, ನಮ್ಮ ಧರ್ಮ ಬಿಡಿಸೋಕೆ ಬಂದವನು ಅಂತ ಗೊತ್ತಿದ್ದೂ ಕಲಿಸಿದ್ದಾರೆ. ಕೆಲವರಿಗೆ ಅದು ಸಂಬಳದ ಕೆಲಸ ಆಗಿದ್ದಿರಬಹುದು. ಆದರೂ ಸಂಬಳಕ್ಕೆ ಹೇಳಿಕೊಡೋದಕ್ಕೂ ಇಷ್ಟು ಹೇಳಿಕೊಡೋದಕ್ಕೂ ವ್ಯತ್ಯಾಸ ಇದೆ.

ಈಗ ನಮ್ಮ ಕಡೆ ನೋಡಿ. ನಮಗೆ ಸಾಂಸ್ಕೃತಿಕ ಕನ್ನಡ ಒಂದು ಕ್ರೆಡಿಟ್ ಸಬ್ಜೆಕ್ಟ್, ಪಾಸಾದರೆ ಮುಗೀತು. ಪಂಪ ಅಚ್ಚಾಗಿದ್ದಾನೆ, ಆನ್‌ಲೈನಲ್ಲೂ ಇದ್ದಾನೆ. ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಫೋನಲ್ಲೇ ತೆಗೀಬಹುದು. ಕಿಟ್ಟೆಲ್‌ಗೆ ಇಲ್ಲದ ಪುಸ್ತಕ ಎಲ್ಲಾ ನಮಗಿದೆ. ಅವರಿಗೆ ಇದ್ದ ಮಾಸ್ತರರು ಮಾತ್ರ ಕಮ್ಮಿ ಆಗ್ತಿದ್ದಾರೆ. ಪೂರ್ತಿ ಹೋಗಿಲ್ಲ. ಹಳಗನ್ನಡ ಪದ್ಯ ಬಾಯಲ್ಲೇ ಇಟ್ಟುಕೊಂಡಿರೋ ರಿಟೈರ್ಡ್ ಕನ್ನಡ ಮಾಸ್ತರರು ನಮ್ಮ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳೋರು ಇದ್ದಾರೆ. ಕೂರಿಗೆಯ ಒಂದೊಂದು ಭಾಗಕ್ಕೂ ಹೆಸರು ಹೇಳೋ ಅಜ್ಜಂದಿರು ಇದ್ದಾರೆ. ಅವರನ್ನ ಕೇಳೋಕೆ ಹಡಗು ಹತ್ತಬೇಕಾಗಿಲ್ಲ. ಮುಂದಿನ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡ್ಕೊಂಡು ಕೂತರೆ ಸಾಕು. ಯಾರ ಹತ್ರ ಕಲಿತೆವು ಅನ್ನೋ ಹೆಸರನ್ನೂ ಮೊದಲ ಪುಟದಲ್ಲೇ ಬರ್ಕೊಳ್ಳಿ.